ಅಮಾಸೆ ದಿನದ ಮೀನು

ನೇಯೋರ ಮನೇಲಿ ಹುಟ್ಟಿದವರಿಗೆ ಭಾನುವಾರ ರಜೆ ಅಲ್ಲ. ತಮಿಳುನಾಡಿನ ಸೇಲಂ ಪೇಟೆಯ ನಮ್ಮ ಕನ್ನಡದೋರ ಬೀದಿಯಲ್ಲಿ ಮಗ್ಗ ನಿಲ್ತಿದ್ದಿದ್ದು ಅಮಾಸೆ ದಿನ ಮಾತ್ರ. ಆವತ್ತು ಲಾಳಿ ಮುಟ್ಟೋ ಹಾಗಿಲ್ಲ. ಬೆಳಗ್ಗೆ ಎದ್ದು ಮಗ್ಗದ ಕೆಳಗೆ ಕಾಲು ಇಳಿಬಿಡೋ ಕುಣಿ ಗುಡಿಸಿ, ನೀರು ಚಿಮುಕಿಸಿ, ಊದುಬತ್ತಿ ಹಚ್ಚಬೇಕು. ಸತ್ತ ಹಿರಿಯರಿಗೆ ಎಲೆ ಹಾಕಿ ಎಡೆ ಇಡಬೇಕು. ಕಾಗೆಗೆ ಅನ್ನ ಹಾಕಿ, ಅದು ಬಂದು ಮುಟ್ಟಿದ ಮೇಲೇ ನಾವು ಬಾಯಿಗೆ ಏನಾದ್ರೂ ಹಾಕ್ಕೊಳ್ಳೋದು. ತಿಂಗಳೆಲ್ಲ ಟಕಟಕ ಅಂತಿದ್ದ ಬೀದಿ ಆವತ್ತು ಸುಮ್ಮನಿರ್ತಿತ್ತು. ನಮ್ಮಪ್ಪ ಎಡೆಯ ಅನ್ನ ಒಂದು ತುತ್ತು ನುಂಗಿ, ಹಿರಿಯರಿಗೆ ಕೈ ಮುಗಿದು, ಇಸ್ತ್ರಿ ಅಂಗಿ ಹಾಕ್ಕೊಂಡು ಬಾಗಿಲಲ್ಲಿ ನಿಂತು ಕೂಗ್ತಿದ್ದ: "ಪಾಪಾ, ಒಲ್ಡು. ಬಸ್ಸು ನಮ್ಗೋಸ್ಕರ ಕಾಯ್ಕಂಡಿರ್ತೈತಾ?"

ನಾನು ಹೇಳ್ತಿರೋದು ತೊಂಬತ್ತರ ಈಚಿನ ಮಾತು. ಆಗ ನಾನೇನು ಪಾಪು ಅಲ್ಲ, ಮದುವೆ ವಯಸ್ಸು ಬಂದು ದಾಟಿಯೂ ಆಗಿತ್ತು. ಒಬ್ಬಳೇ ಮಗಳು. ಅಪ್ಪನ ಮಗ್ಗದ ಪಕ್ಕದಲ್ಲೇ ನನ್ನದೂ ಒಂದು ಮಗ್ಗ. ಇಬ್ಬರೂ ಮದುವೆ ಮನೆಗಳಿಗೆ ಹೋಗೋ ಬಿಳಿ ರೇಷ್ಮೆ ಪಂಚೆ ನೇಯ್ತಿದ್ವಿ. ಊರೋರ ಮದುವೆಗೆಲ್ಲ ಪಂಚೆ ನೇಯ್ದು ನೇಯ್ದು ಇವಳು ತನ್ನ ಮದುವೆ ಮರ್ತೇ ಬಿಟ್ಲು ಅಂತ ಬೀದಿಯ ಹೆಂಗಸರು ಆಡ್ಕೊಳ್ಳೋರು. ಆಡ್ಕೊಳ್ಳಲಿ, ಅವರ ಬಾಯಿ ಅವರದು. ಅವರ್ಯಾರ ಅಪ್ಪನೂ ಅವರನ್ನ ತಿಂಗಳಿಗೊಂದು ಸಲ ಹೋಟೆಲಿಗೆ ಕರ್ಕೊಂಡು ಹೋಗ್ತಿರ್ಲಿಲ್ಲ.

ನಮ್ಮಪ್ಪನಷ್ಟು ಹೋಟೆಲ್ ಹುಚ್ಚಿನ ಮನುಷ್ಯನ್ನ ನಾನು ನೋಡಿಲ್ಲ. ಕುಡಿತ ಇಲ್ಲ, ಬೀಡಿ ಇಲ್ಲ. ಕುಣಿಯಲ್ಲಿ ಕೂತು ನೇಯುವಾಗ ದವಡೆಯಲ್ಲಿ ಎಲೆಅಡಿಕೆ ಜೊತೆ ಒಂಚೂರು ಹೊಗೆಸೊಪ್ಪು, ಅಷ್ಟೇ. ಅಮಾಸೆ ಬಂದ್ರೆ ಮಾತ್ರ ಅವನನ್ನ ಕಟ್ಟಿ ಹಾಕೋಕೆ ಆಗ್ತಿರ್ಲಿಲ್ಲ. ಒಂದು ತಿಂಗಳು ತಾರಮಂಗಲಂ, ಒಂದು ತಿಂಗಳು ಮೇಚೇರಿ, ಇನ್ನೊಂದು ತಿಂಗಳು ತೊಪ್ಪೂರು ಘಾಟ್ ಹತ್ತಿ ಧರ್ಮಪುರಿ. ತಾರಮಂಗಲಂ ದೇವಸ್ಥಾನದ ಕಲ್ಲು ಕೆತ್ತನೆ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ನಮ್ಮಪ್ಪ ಗುಡಿಯೊಳಗೆ ಹೋಗಿ ಕೈ ಮುಗಿದವನೇ ನನ್ನ ರಟ್ಟೆ ಹಿಡಿದು ಎಳೆಯೋನು. "ಬಾ ಪಾಪಾ, ಸಾಮಿ ಎಲ್ಲೂ ಓಗಲ್ಲ. ಪೂರಿ ಆರೋಗ್ತೈತೆ."

ಹೋಟೆಲಿನಲ್ಲಿ ಅವನದೊಂದು ಕ್ರಮ ಇತ್ತು. ಒಳಗೆ ಕಾಲಿಟ್ಟ ಕೂಡಲೇ ಕೂರಬಾರದು. ಮೊದಲು ದೋಸೆ ಕಲ್ಲಿನ ಹತ್ತಿರ ಹೋಗಿ ನಿಂತು ಒಂದು ದೋಸೆ ಏಳೋದನ್ನ ನೋಡ್ಬೇಕು. ಆಮೇಲೆ ಕೂರೋದು. ಇಬ್ಬರೂ ಒಂದೇ ತಿಂಡಿ ಹೇಳೋ ಹಾಗೇ ಇಲ್ಲ. ಅವನು ರವಾ ರೋಸ್ಟ್ ಅಂದ್ರೆ ನಾನು ಪೂರಿ ಕೆಳಂಗು, ಅದೇ ಆಲೂಗಡ್ಡೆ ಪಲ್ಯದ್ದು. ತಟ್ಟೆ ಬಂದ ಮೇಲೆ ಅವನದ್ರಲ್ಲಿ ಅರ್ಧ ನನಗೆ, ನನ್ನದ್ರಲ್ಲಿ ಅರ್ಧ ಅವನಿಗೆ. ವಡೆ ಸಾಂಬಾರಿನಲ್ಲಿ ನೆನೆಯೋ ತನಕ ಮಾತು. ಕೊನೆಗೆ ಕಾಫಿ. ಸೇಲಂಗೆ ವಾಪಸ್ ಬಂದು ಬಸ್ಸಿಳಿದ ಮೇಲೂ ತಟ್ಟುವಡೆ ಸೆಟ್ ಮಾರೋ ತಳ್ಳುಗಾಡಿ ಕಂಡ್ರೆ ಮುಗೀತು, ಅಲ್ಲೊಂದು ಸಲ. ಎರಡು ಗರಿಗರಿ ವಡೆ ಮಧ್ಯೆ ಬೀಟ್ರೂಟ್ ತುರಿ, ಖಾರದ ಚಟ್ನಿ. ತಿಂದು ಬೆರಳು ನೆಕ್ಕೊಂಡು, "ನಿಮ್ಮವ್ವಂಗೆ ಏಳ್ಬೇಡ" ಅನ್ನೋನು.

ಅವ್ವನಿಗೆ ಹೇಳೋದೇನು ಬಂತು, ಅವಳಿಗೆ ನಮ್ಮ ಬಾಯಿ ವಾಸನೆಯಲ್ಲೇ ಗೊತ್ತಾಗ್ತಿತ್ತು. ಅವಳು ಒಂದು ದಿನಕ್ಕೂ ನಮ್ಮ ಜೊತೆ ಬಂದವಳಲ್ಲ. ಕಂಡೋರು ಉಂಡ ತಟ್ಟೆ, ಯಾವ ಕೈಯೋ, ಯಾವ ನೀರೋ ಅಂತ ಅವಳ ತಕರಾರು. ಹೊರಗಿನದ್ದು ಹೊಸಿಲು ದಾಟಿ ಒಳಗೆ ಬರೋ ಹಾಗಿರ್ಲಿಲ್ಲ. ಹೋಟೆಲಿನ ಒಂದು ವಡೆಯನ್ನೂ ಅವಳು ಬಾಯಿಗೆ ಹಾಕಿರ್ಲಿಲ್ಲ. ಆದರೆ ಅದರ ಒಳಗೆ ಇನ್ನೊಂದಿತ್ತು. ನಾವು ಹೊರಡುವಾಗ ಅವಳ ಮುಖ ಊದ್ತಿತ್ತು. "ನಾನು ಮಾಡಿದ್ದು ನಿಮ್ಮಪ್ಪನ ನಾಲಗೆಗೆ ಅತ್ತಲ್ಲ, ಓಗು, ಓಗ್ರಿ" ಅಂತ ಪಾತ್ರೆ ಕುಕ್ಕೋಳು. ಪಾಪ, ಅವಳ ಸಾರು ನಮ್ಮ ಬೀದಿಗೇ ಹೆಸರಾಗಿತ್ತು. ಅಪ್ಪನಿಗೂ ಅದು ಗೊತ್ತಿತ್ತು, ಆದರೆ ಬಾಯಿ ಬಿಟ್ಟು ಹೇಳೋನಲ್ಲ.

ಇಷ್ಟೆಲ್ಲ ತಿರುಗಿದ ಅಪ್ಪನಿಗೆ ಒಂದು ಆಸೆ ಹಾಗೇ ಉಳಿದಿತ್ತು. ಹೊಗೇನಕಲ್ಲಿನ ಮೀನು. ಹೊಗೇನಕಲ್ಲಿಗೆ ನಾವು ಹೋಗಿಲ್ಲ ಅಂತಲ್ಲ, ಎಷ್ಟೋ ಸಲ ಹೋಗಿದ್ವಿ. ಆದರೆ ಹೋಗಿದ್ದೆಲ್ಲ ಅಮಾಸೆ ದಿನ. ಮಗ್ಗಕ್ಕೆ ರಜೆ ಅಮಾಸೆ ದಿನ, ಅಮಾಸೆ ದಿನ ಮೀನು ಮಾಂಸ ಮುಟ್ಟೋ ಹಾಗಿಲ್ಲ. ಹೊಳೆ ದಂಡೆಯ ದಾರಿಯುದ್ದಕ್ಕೂ ಹೆಂಗಸರು ಮೀನಿಗೆ ಕೆಂಪಗೆ ಮಸಾಲೆ ಸವರಿ, ದೊಡ್ಡ ಕಾವಲಿಯಲ್ಲಿ ಹೊರಳಿಸಿ ಹೊರಳಿಸಿ ಕರೀತಿರ್ತಾರೆ. ನಮ್ಮಪ್ಪ ಅದರ ಮುಂದೆ ನಿಲ್ಲೋನು. ಮೂಗು ಅರಳಿಸೋನು. ಆಮೇಲೆ ಬಂಡೆ ಮೇಲೆ ಕೂತು ನಾವು ತಂದ ಮೊಸರನ್ನ ತಿನ್ನೋನು. "ಅಮಾಸೆ ಅಲ್ದ ದಿನ ಒಂದ್ಸಲ ಬರ್ಬೇಕು ಪಾಪಾ" ಅನ್ನೋನು. ಪ್ರತಿ ಸಲ ಅದೇ ಮಾತು. ಮೇಚೇರಿಯಲ್ಲಿ ಆಡುಗಳು ಸಾಲಾಗಿ ಹೋಗೋದು ನೋಡಿದರೂ ಹೀಗೇ ನಿಟ್ಟುಸಿರು ಬಿಡ್ತಿದ್ದ, ಆದರೆ ಆಡಿನ ಮಾಂಸ ಮನೇಲಿ ಮಾಡ್ಕೋಬಹುದು. ಹೊಳೆಯ ದಂಡೆ, ಆ ಬಂಡೆ, ಆ ಕಾವಲಿ ಮನೆಗೆ ತರೋಕೆ ಆಗುತ್ತಾ?

ಬೇರೆ ದಿನ ಹೋಗೋಕೇನು ಅಡ್ಡಿ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಹಾಸು, ಅಂದ್ರೆ ಉದ್ದಕ್ಕೆ ಬಿಗಿದ ನೂಲು, ಮಗ್ಗದ ಮೇಲಿರುವಾಗ ಯಾರಾದ್ರೂ ಸತ್ತರೆ ಮಾತ್ರ ನೇಯೋನು ಎದ್ದು ಹೋಗೋದು. ನಮ್ಮೆರಡು ಮಗ್ಗದಲ್ಲಿ ಒಂದರ ಮೇಲಾದ್ರೂ ಹಾಸು ಇದ್ದೇ ಇರ್ತಿತ್ತು. ಮೀನು ತಿನ್ನೋಕೆ ಮಗ್ಗ ನಿಲ್ಲಿಸಿದ ಅಂದ್ರೆ ಬೀದಿಯೋರು ನಗ್ತಾರೆ, ನೂಲು ಕೊಡೋ ಮುದಲಾಳಿ ಮುಖ ತಿರುಗಿಸ್ತಾನೆ. ಯಾರೂ ಬರೆದಿಟ್ಟ ಕಾನೂನಲ್ಲ ಇದು. ಅದಕ್ಕೇ ಮುರಿಯೋಕೆ ಆಗ್ಲಿಲ್ವೋ ಏನೋ. ಈಗ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಒಂದು ದಿನ, ಬರೀ ಒಂದು ದಿನ ಎದ್ದು ಹೋಗಿದ್ರೆ ಯಾರ ಗಂಟು ಏನು ಹೋಗ್ತಿತ್ತು?

ಹೊಗೆಸೊಪ್ಪು ಅವನ ಗಂಟಲು ಹಿಡೀತು. ಮೊದಮೊದಲು ಮುದ್ದೆ ಇಳೀತಿಲ್ಲ ಅಂದ. ಆಮೇಲೆ ಅನ್ನ. ಆಮೇಲೆ ಇಡ್ಲಿಯನ್ನ ಹಾಲಲ್ಲಿ ಕಿವುಚಿ ಕೊಟ್ಟರೂ ಕಣ್ಣಲ್ಲಿ ನೀರು ಬರೋ ಹಾಗೆ ಕೆಮ್ಮು. ದೊಡ್ಡಾಸ್ಪತ್ರೆಯಲ್ಲಿ ಗಡ್ಡೆ ಅಂದ್ರು. ಕರೆಂಟ್ ಇಟ್ಟರು, ನಮ್ಮ ಕಡೆ ಗಡ್ಡೆ ಸುಡೋಕೆ ಕೊಡೋ ಚಿಕಿತ್ಸೆಗೆ ಹಾಗೇ ಅನ್ನೋದು. ಕತ್ತಿನ ಚರ್ಮ ಕಪ್ಪಾಯ್ತು, ದನಿ ಗೊರಗೊರ ಆಯ್ತು, ಗಡ್ಡೆ ಮಾತ್ರ ಜಗ್ಗಲಿಲ್ಲ. ಕೊನೆಗೆ ಅವ್ವ ರಾಗಿ ಗಂಜಿ ಮಾಡಿ, ಬಿಳಿ ಬಟ್ಟೆಯಲ್ಲಿ ಸೋಸಿ, ಚಮಚದಲ್ಲಿ ಹನಿ ಹನಿಯಾಗಿ ಬಿಡೋಳು. ಒಂದು ಲೋಟ ಗಂಜಿ ಇಳಿಯೋ ಹೊತ್ತಿಗೆ ನಾನು ಒಂದು ಪಂಚೆಯ ಅಂಚು ನೇಯ್ದು ಮುಗಿಸ್ತಿದ್ದೆ.

ಆ ಸಲದ ಅಮಾಸೆಗೆ ನಾನು ಮನೇಲೇ ಕೂತೆ. ಅಪ್ಪ ಜಗಲಿ ಮೇಲೆ ಗೋಡೆಗೆ ಒರಗಿದ್ದ. "ಯಾಕೆ ಕೂತಿದೀಯಾ? ಓಗಲ್ವಾ?" ಅಂದ.

"ಒಬ್ಳೇನಾ?"

"ಒಬ್ಳೇ ಓಗು. ಓಗಿ ತಿನ್ಕಂಡು ಬಂದು ನಂಗೆ ಏಳು."

ತಮಾಷೆ ಮಾಡ್ತಿದಾನೆ ಅಂದ್ಕೊಂಡೆ. ಅವನ ಕಣ್ಣು ನೋಡಿದೆ, ತಮಾಷೆ ಇರ್ಲಿಲ್ಲ. ಹೋದೆ. ತಾರಮಂಗಲಂ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ, ಪಕ್ಕದ ಸೀಟಿನಲ್ಲಿ ಯಾವಳೋ ಬುಟ್ಟಿ ಇಟ್ಟಳು. ನಾವು ಯಾವಾಗಲೂ ಹೋಗ್ತಿದ್ದ ಹೋಟೆಲಿನ ಬಾಗಿಲಲ್ಲಿ ಸಪ್ಲೈಯರ್ ನನ್ನ ಹಿಂದೆ ಇಣುಕಿ ನೋಡಿ, "ಎತ್ತನ ಪೇರು?" ಅಂದ. ಎಷ್ಟು ಜನ ಅಂತ. ಒಬ್ಬಳೇ ಅಂದೆ. ಆಗಿನ ಕಾಲದಲ್ಲಿ ಹೆಂಗಸು ಒಬ್ಬಳೇ ಹೋಟೆಲಿಗೆ ಬಂದ್ರೆ ಎಲ್ಲರ ಕೈಯೂ ಬಾಯಿ ಹತ್ತಿರ ನಿಲ್ತಿತ್ತು. ಅವನು ನನ್ನನ್ನ ಫ್ಯಾಮಿಲಿ ರೂಮಿಗೆ ತಳ್ಳಿದ. ಫ್ಯಾಮಿಲಿ ರೂಮ್ ಅಂದ್ರೆ ಮಾಸಿದ ಪರದೆ, ಒಳಗೆ ತಿರುಗದ ಫ್ಯಾನು. ರವಾ ರೋಸ್ಟ್ ಬಂತು. ಅರ್ಧ ಮುರಿದು ತಟ್ಟೆಯ ಆ ಕಡೆ ತಳ್ಳಿದೆ. ಆ ಕಡೆ ಯಾರೂ ಇರ್ಲಿಲ್ಲ. ಅಯ್ಯೋ ಶಿವನೇ, ಆ ಅರ್ಧವನ್ನ ಏನು ಮಾಡೋದು ಅಂತ ತಿಳೀಲಿಲ್ಲ. ಅಲ್ಲೇ ಸೆರಗಲ್ಲಿ ಮುಖ ಮುಚ್ಚಿ ಅತ್ತೆ, ಆಮೇಲೆ ಅದನ್ನೂ ತಿಂದೆ.

ಮನೆಗೆ ಬಂದ್ರೆ ಅಪ್ಪ ಜಗಲಿ ಬಿಟ್ಟು ಕದಲಿರ್ಲಿಲ್ಲ. "ಕೂತ್ಕ. ಬಸ್ಸತ್ತಿದ್ದರಿಂದ ಏಳು" ಅಂದ. ಹೇಳಿದೆ. ಹಾಗೆ ಸುಮ್ಮನೆ ಬಿಡೋನಲ್ಲ. ರೋಸ್ಟ್ ಅಂಚು ಕೆಂಪಗಿತ್ತಾ, ಮೆಣಸು ಇಡಿಯಾಗಿ ಸಿಕ್ತಾ, ಚಟ್ನಿ ಗಟ್ಟಿಯೋ ನೀರೋ, ದೋಸೆ ಕಲ್ಲಿನ ಹತ್ತಿರ ಅದೇ ಕುಳ್ಳನೇ ಇದ್ದನಾ. ಫ್ಯಾಮಿಲಿ ರೂಮ್ ಅಂದ ಕೂಡಲೇ ಸಿಟ್ಟು ಬಂತು. "ಪರದೆ ಒಳ್ಗೆ ಕೂತು ತಿನ್ನಾಕೆ ಏನು ಕದ್ದಿದ್ದೀಯಾ? ಮುಂದಿನ ಸಲ ಈಚೆ ಕೂತ್ಕ. ಕಲ್ಲು ಕಾಣೋ ಅಂಗೆ ಕೂತ್ಕ." ಅವನ ದನಿ ಅಷ್ಟು ಹೊತ್ತು ಎದ್ದಿದ್ದನ್ನ ನಾನು ಆ ತಿಂಗಳಲ್ಲೇ ಕೇಳಿರ್ಲಿಲ್ಲ.

ಮುಂದಿನ ಅಮಾಸೆಗೆ ಈಚೆಗೇ ಕೂತೆ. ಸಪ್ಲೈಯರ್ ಪರದೆ ತೋರಿಸಿದ, ನಾನು ಆಗಲ್ಲ ಅಂದೆ. ನೋಡೋರು ನೋಡಿದ್ರು, ಅವರ ಕಣ್ಣೇನು ನನ್ನ ಇಡ್ಲಿ ತಿಂದು ಹೋಗಲಿಲ್ಲ. ತಿಂಗಳು ಕಳೀತಾ ಕಳೀತಾ ಒಬ್ಬಳೇ ಹೋಗೋದು ರೂಢಿ ಆಯ್ತು. ತೊಪ್ಪೂರು ಘಾಟಿನಲ್ಲಿ ಬಸ್ಸು ಮುಕ್ಕರಿಸಿಕೊಂಡು ಹತ್ತುವಾಗ ಗಾಳಿಗೆ ಮುಖ ಕೊಟ್ಟು ಕೂರೋದು, ಡ್ರೈವರು ಟೀಗೆ ನಿಲ್ಲಿಸಿದ ಕಡೆ ಮೆಣಸಿನಕಾಯಿ ಬಜ್ಜಿ ಊದಿ ಊದಿ ತಿನ್ನೋದು, ಗೊತ್ತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರ ಮಗಳೂ ಅಲ್ಲದ ಹಾಗೆ ನಿಲ್ಲೋದು. ಸುಳ್ಳು ಯಾಕೆ ಹೇಳಲಿ, ಸುಖವಾಗಿತ್ತು. ಆ ಸುಖ ಅಪ್ಪನ ಗಂಟಲು ಕಟ್ಟಿದ್ದರಿಂದ ನನಗೆ ಸಿಕ್ಕಿದ್ದು ಅಂತ ನೆನಪಾದಾಗ ಬಜ್ಜಿ ನನ್ನ ಗಂಟಲಲ್ಲೂ ನಿಲ್ತಿತ್ತು. ಆದರೂ ಅಪ್ಪನಿಗೆ ಹೇಳ್ಬೇಕಲ್ಲ ಅಂತ ರುಚಿ ನೋಡಿ ನೋಡಿ ತಿಂತಿದ್ದೆ.

ಅವ್ವನಿಗೆ ಇದು ಸಹಿಸೋಕಾಗ್ಲಿಲ್ಲ. ಒಂದು ಅಮಾಸೆ ಸಂಜೆ ನಾನು ಧರ್ಮಪುರಿಯ ಕೇಸರಿಬಾತಿನ ಕತೆ ಹೇಳ್ತಿದ್ದೆ, ತುಪ್ಪ ಬೆರಳಿಂದ ಜಾರ್ತಿತ್ತು ಅನ್ನೋವರೆಗೆ ಬಂದಿದ್ದೆ. ಗಂಜಿ ಲೋಟ ಹಿಡ್ಕೊಂಡು ಬಂದವಳು ಅಲ್ಲೇ ನಿಂತಳು. "ಉಣ್ಣಾಕಾಗ್ದೋರ ಮುಂದೆ ಉಂಡ ಕತೆ ಏಳ್ತಿದೀಯಲ್ಲೇ, ನಿಂಗೆ ಕರುಳು ಅನ್ನೋದು ಐತಾ?" ಅಂದಳು. ಅವಳ ಮಾತಲ್ಲಿ ತಪ್ಪೇನಿತ್ತು?

"ಏಳ್ಲಿ ಬುಡು" ಅಂದ ಅಪ್ಪ.

"ಏನ್ ಏಳ್ಲಿ? ನಾನು ಗಂಟೆಗಟ್ಲೆ ಸೋಸಿ ತಂದಿದ್ದು ಒಂದು ಚಮಚ ಇಳೀವಲ್ದು. ಅವಳು ಊರೂರು ತಿರುಗಿ ತಂದ ಎಂಜಲು ಮಾತು ಸಲೀಸಾಗಿ ಇಳೀತೈತೆ ನಿಮ್ಗೆ." ಲೋಟ ಕುಕ್ಕಿ ಒಳಗೆ ಹೋದಳು. ಒಳಗೆ ಮೂಗು ಒರೆಸ್ಕೊಳ್ಳೋ ಸದ್ದು ಕೇಳಿಸ್ತು. ಅಪ್ಪ ನನ್ನ ಕಡೆ ನೋಡಲೇ ಇಲ್ಲ. ಲೋಟ ತಗೊಂಡು ತಾನೇ ಒಂದೊಂದು ಗುಟುಕು ಕಷ್ಟಪಟ್ಟು ಇಳಿಸಿದ, ಪೂರ್ತಿ ಇಳಿಸಿದ. ಅವ್ವನಿಗಾಗಿ ಅವನು ಮಾಡೋಕೆ ಆಗ್ತಿದ್ದಿದ್ದು ಅಷ್ಟೇ.

ಅದಾಗಿ ಸ್ವಲ್ಪ ದಿನಕ್ಕೆ ಗಂಜಿಯೂ ವಾಪಸ್ ಬರೋಕೆ ಶುರುವಾಯ್ತು. ನಾನು ಮಗ್ಗದಲ್ಲಿದ್ದೆ. ಅವನು ಹತ್ತಿರ ಬಂದು ಕುಣಿಯ ಅಂಚಿನಲ್ಲಿ ಕೂತ. ಅಂಗಿ ಒಳಗೆ ಮನುಷ್ಯನೇ ಇರ್ಲಿಲ್ಲ ಅನ್ನೋ ಹಾಗಿದ್ದ. "ಎಲ್ಲಾ ತಿಂದೆ ಪಾಪಾ. ಆ ಒಗೇನಕಲ್ ಮೀನು ಒಂದು ತಿನ್ಲಿಲ್ಲ" ಅಂದ. "ಯಾರು ಕಟ್ಟಾಕಿದ್ರು ನನ್ನ? ಒಂದಿನ ಎದ್ದೋಗಿದ್ರೆ ಆಗ್ತಿತ್ತು."

ನಾನು ಲಾಳಿ ಕೆಳಗಿಟ್ಟೆ. "ಈಗ್ಲೇ ಓಗ್ತೀನಿ" ಅಂದೆ.

ಅವನು ನನ್ನ ಕೈ ಹಿಡಿದು ಲಾಳಿ ಮೇಲೇ ವಾಪಸ್ ಇಟ್ಟ. "ಆಸು ಬಿಟ್ಟು ಏಳ್ಬೇಡ. ಮುಗೀಲಿ. ಮುಗಿದ ಮಾರನೆ ದಿನ ಓಗು. ಅಮಾಸೆ ಅಲ್ದ ದಿನ ಓಗು. ಅಲ್ಲೇ ಬಂಡೆ ಮೇಲೆ ಕೂತು ಬಿಸಿಬಿಸಿ ತಿನ್ನು. ತಿಂದು ನಂಗೂ ಒಂದು ತುಂಡು ತಕ್ಕಂಬಾ. ನಾಲಗೆ ಮೇಲಾದ್ರೂ ಇಟ್ಕಂತೀನಿ."

ನೋಡಿ, ಸಾಯೋನೂ ಹಾಸು ಬಿಡೋಕೆ ಹೆದರ್ತಿದ್ದ. ನಾನೂ ಹೆದರಿದೆ. ನಮ್ಮ ಜನಕ್ಕೇ ಬರೋ ದಡ್ಡತನ ಇದು. ಹಗಲು ಕಣ್ಣಿಗೆ ಕಾಣೋವರೆಗೆ ನೇಯ್ದೆ. ಮಳೆ ಹಿಡೀತು, ಥಂಡಿಗೆ ರೇಷ್ಮೆ ಎಳೆ ಅಂಟ್ಕೊಂಡು ಪಟಪಟ ಹರೀತಿತ್ತು. ಒಂದೊಂದು ಎಳೆ ಗಂಟು ಹಾಕುವಾಗಲೂ ಒಳಗಿಂದ ಅಪ್ಪನ ಕೆಮ್ಮು. ಗಂಟು ಹಾಕೋದು, ಕೆಮ್ಮು ಕೇಳೋದು. ಹಾಸು ಮುಗಿದು ಪಂಚೆ ಕತ್ತರಿಸಿ ಕುಣಿಯಿಂದ ಎದ್ದು ನಿಂತಾಗ ಅವ್ವ ಬಾಗಿಲಲ್ಲಿ ಬೂದುಗುಂಬಳಕ್ಕೆ ಅರಿಶಿನ ಕುಂಕುಮ ಹಚ್ತಿದ್ದಳು. ಮಾರನೆ ದಿನ ಅಮಾಸೆ.

ಅದು ಅಪ್ಪನ ಕೊನೇ ಅಮಾಸೆ. ಅದರ ಮುಂದಿನ ತಿಂಗಳು ನಾವು ಎಡೆ ಇಟ್ಟಿದ್ದು ಅವನಿಗೇ.

ಆ ಅಮಾಸೆ ಬೆಳಗ್ಗೆ ಅವನ ಬಾಯಿಗೆ ನೀರು ಬಿಟ್ಟರೆ ಕಟವಾಯಿಂದ ಹೊರಗೆ ಬಂತು. ಡಾಕ್ಟರು ಆಗಲೇ ಮನೇಲೇ ಇಟ್ಕೊಳ್ಳಿ ಅಂದಿದ್ರು. ಇನ್ನೊಂದು ದಿನ ಕಾಯೋಣ, ಅಮಾಸೆ ಕಳೀಲಿ ಅಂತ ನಾನು ಮನಸ್ಸಲ್ಲೇ ಹೇಳ್ಕೊಳ್ತಿದ್ದೆ. ಆದರೆ ಇನ್ನೊಂದು ದಿನ ಅವನ ಹತ್ತಿರ ಇದೆಯಾ ಅಂತ ಯಾರನ್ನ ಕೇಳೋದು? ಅವ್ವ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕ್ಕೊಂಡು, ಎಡೆಗೆ ಅಡುಗೆ ಮಾಡ್ತಿದ್ದಳು. ಬಾಳೆಕಾಯಿ ಹೆಚ್ತಿದ್ದವಳು ಕೈ ನಿಲ್ಲಿಸಿದಳು. ನನ್ನ ಕಡೆ ತಿರುಗಲಿಲ್ಲ.

"ಓಗು" ಅಂದಳು.

"ಎಲ್ಗೆ?"

"ಎಲ್ಗೆ ಅಂದ್ರೆ? ಒಗೇನಕಲ್‌ಗೆ. ಓಗಿ ತಕ್ಕಂಬಾ."

"ಅವ್ವಾ, ಇವತ್ತು ಅಮಾಸೆ."

"ಗೊತ್ತು. ಅಮಾಸೆನ ನಾನ್ ನೋಡ್ಕತೀನಿ. ನೀನು ಬಸ್ ನೋಡ್ಕ."

ಎಡೆಯ ಒಲೆ ಮುಂದೆ ನಿಂತು ನಮ್ಮವ್ವ ಮೀನು ತರೋಕೆ ಹೇಳಿದಳು. ಬೇರೆ ಯಾರಾದ್ರೂ ಹೇಳಿದ್ರೆ ನಾನು ನಂಬ್ತಿರ್ಲಿಲ್ಲ. ಕಾಗೆ ಅನ್ನ ಮುಟ್ಟೋದನ್ನೂ ಕಾಯದೆ ಚಪ್ಪಲಿ ಮೆಟ್ಟಿದೆ.

ಧರ್ಮಪುರಿಯಲ್ಲಿ ಬಸ್ಸು ಬದಲಾಯಿಸಿ, ಪೆನ್ನಾಗರಂ ದಾಟಿ, ಕಾಡಿನ ಇಳಿಜಾರು ಇಳಿದು ಹೊಳೆ ಸೇರೋ ಹೊತ್ತಿಗೆ ಬಿಸಿಲು ನೆತ್ತಿ ಮೇಲಿತ್ತು. ದಂಡೆ ತುಂಬ ಅಮಾಸೆ ಜನ. ತಲೆ ಬೋಳಿಸಿಕೊಂಡೋರು, ಎಳ್ಳು ನೀರು ಬಿಡೋರು, ಒದ್ದೆ ಬಟ್ಟೆಯಲ್ಲಿ ನಡುಗೋರು. ನೀರು ಬಂಡೆಗೆ ಬಡಿದು ಹೊಗೆ ಏಳ್ತಿತ್ತು. ಮೀನು ಕರಿಯೋ ಹೆಂಗಸರ ಕಾವಲಿ ಮುಂದೆ ಆವತ್ತು ಅಷ್ಟು ಜನ ಇರ್ಲಿಲ್ಲ. ವಯಸ್ಸಾದ ಒಬ್ಬಾಕೆಯ ಹತ್ತಿರ ಹೋಗಿ ತಮಿಳಿನಲ್ಲಿ ಎರಡು ತುಂಡು ಅಂದೆ. ಅವಳು ನನ್ನ ಹಣೆಯ ವಿಭೂತಿ ನೋಡಿ, "ಇನ್ನಿಕ್ಕಿ ಅಮಾವಾಸೆ ಮಾ" ಅಂದಳು, ಇವತ್ತು ಅಮಾಸೆ ಅಂತ. ನಾನು ಗೊತ್ತು ಕಣವ್ವ ಅಂತ ಗೊಣಗಿದ್ದು ಅವಳ ಕಿವಿಗೆ ಬಿತ್ತು. ತಕ್ಷಣ ಕನ್ನಡಕ್ಕೆ ತಿರುಗಿದಳು. "ನಮ್ಮೋಳಾ ನೀನು? ಯಾರ್ಗೆ ಮೀನು?"

"ನಮ್ಮಪ್ಪಂಗೆ."

"ಎಲ್ಲವ್ರೆ?"

"ಮನ್ಯಾಗೆ. ಉಸಾರಿಲ್ಲ. ನೀನು ಅಲ್ಲೇ ತಿಂದು, ನಂಗೊಂದು ತಕ್ಕಂಬಾ ಅಂದ."

ಅವಳು ಮತ್ತೆ ಏನೂ ಕೇಳಲಿಲ್ಲ. ಹಸಿ ಮೀನಿನ ರಾಶಿಯಲ್ಲಿ ಮೇಲಿನದ್ದು ಬಿಟ್ಟು ಅಡಿಯಿಂದ ಎರಡು ದಪ್ಪ ತುಂಡು ಎತ್ತಿ, ಮಸಾಲೆ ಇನ್ನೊಂದು ಸಲ ಸವರಿ ಕಾವಲಿಗೆ ಬಿಟ್ಟಳು. ಚುಂಯ್ ಅಂತು. ಒಂದನ್ನ ಬಾಳೆ ಎಲೆಯಲ್ಲಿ ಕಟ್ಟಿದಳು, ಒಂದನ್ನ ನನ್ನ ಕೈಗೆ ಕೊಟ್ಟಳು. ಬಂಡೆ ಮೇಲೆ ಹೋಗಿ ಒಬ್ಬಳೇ ಕೂತೆ. ಹಿರಿಯರಿಗೆ ಎಳ್ಳು ನೀರು ಬಿಡ್ತಿರೋ ಜನದ ಎದುರಿಗೇ ಕೂತು ಮೀನು ಮುರಿದು ಬಾಯಿಗಿಟ್ಟೆ.

ಅಬ್ಬಬ್ಬಾ, ಎಂಥಾ ರುಚಿ! ಸಪ್ಪಗಿರಲಿ ಅಂತ ನಾನು ಒಳಗೊಳಗೇ ಬೇಡ್ಕೊಂಡಿದ್ದೆ. ಇದೇನು ಮಹಾ ಅನ್ನಿಸಿದ್ರೆ ಅಪ್ಪನಿಗೆ ಬಿಡಪ್ಪ, ಏನೂ ಕಳ್ಕೊಂಡಿಲ್ಲ ನೀನು ಅಂತ ಹೇಳಬಹುದಿತ್ತು. ಹಾಗಿರ್ಲಿಲ್ಲ. ಅವನು ಇಷ್ಟು ವರ್ಷ ಮೂಗಲ್ಲೇ ತಿಳ್ಕೊಂಡಿದ್ದಕ್ಕಿಂತ ಚೆನ್ನಾಗಿತ್ತು. ತಿಂತಾ ತಿಂತಾ ಅಳು ಬಂತು, ಅಳ್ತಾ ಅಳ್ತಾ ಮುಳ್ಳು ಚೀಪಿದೆ. ನನಗೆ ನನ್ನ ಮೇಲೇ ರೇಗಿತು, ಆದರೂ ಒಂದು ಚೂರೂ ಬಿಡಲಿಲ್ಲ.

ವಾಪಸ್ ಬರೋ ಬಸ್ಸಿನ ತುಂಬ ಸ್ನಾನ ಮಾಡಿ ಮಡಿಯಾದ ಜನ. ನನ್ನ ಮಡಿಲಿನ ಪೊಟ್ಟಣ ಘಮ್ಮಂತ ಹೊಡೀತಿತ್ತು. ಒಬ್ಬ ಹಿರಿಯ ತಿರುಗಿ ನೋಡಿ, "ಅಮಾವಾಸೆ ಅನ್ನಿಕ್ಕು ಮೀನಾ, ಚ್ಚೀ" ಅಂದ, ಅಮಾಸೆ ದಿನ ಮೀನಾ ಅಂತ. ಸುತ್ತಲಿನೋರು ಮೂಗು ಮುರಿದರು. ಬೇರೆ ದಿನ ಆಗಿದ್ರೆ ನಾಲ್ಕು ಮಾತು ಅಂದು ಅವನ ಬಾಯಿ ಮುಚ್ಚಿಸ್ತಿದ್ದೆ. ಆವತ್ತು ಪೊಟ್ಟಣದ ಮೇಲೆ ಸೆರಗು ಮುಚ್ಚಿ, ಬಿಸಿ ಆರದಿರಲಿ ಅಂತ ಹೊಟ್ಟೆಗೆ ಒತ್ತಿಕೊಂಡು ಕೂತೆ. ಬಸ್ಸು ತೊಪ್ಪೂರು ಇಳಿಜಾರಿನಲ್ಲಿ ನಿಧಾನ ಆದಾಗ ಡ್ರೈವರನ್ನ ಮನಸ್ಸಲ್ಲೇ ಬೈದೆ. ಅಪ್ಪ ಇದ್ದಾನಾ ಇಲ್ವಾ ಅನ್ನೋದೊಂದೇ ತಲೆಯಲ್ಲಿತ್ತು.

ಇದ್ದ. ದೀಪ ಹಚ್ಚೋ ಹೊತ್ತು. ಒಳಮನೆಯಲ್ಲಿ ಹಿರಿಯರ ಎಡೆ ಎಲೆ ಇನ್ನೂ ತೆಗೆದಿರ್ಲಿಲ್ಲ. ಅದರ ಪಕ್ಕದಲ್ಲೇ ಅಪ್ಪನ ಚಾಪೆ. ಮೀನು ಹಿಡ್ಕೊಂಡು ನಾನು ಹೊಸಿಲಲ್ಲೇ ನಿಂತೆ, ಕಾಲು ಮುಂದೆ ಬರಲಿಲ್ಲ. ಅವ್ವ ಎದ್ದು ಬಂದಳು. ಎಡೆಗೆ ಅಡ್ಡ ನಿಂತು ನನ್ನ ಕೈಯಿಂದ ಪೊಟ್ಟಣ ತಾನೇ ತಗೊಂಡಳು. ಒಯ್ದು ಅಪ್ಪನ ಮುಂದೆ ಬಿಚ್ಚಿದಳು. ಎಲೆ ಬಿಚ್ಚಿದ ಕೂಡಲೇ ಅಪ್ಪ ಕಣ್ಣು ಬಿಟ್ಟ.

ಅವ್ವ ಅವನ ತಲೆ ತನ್ನ ತೊಡೆಗೆ ಒರಗಿಸ್ಕೊಂಡಳು. ಮೀನು ಮುರಿದು, ಬೆರಳಲ್ಲಿ ಒತ್ತಿ ಒತ್ತಿ ನೋಡಿ, ಒಂದು ಸಣ್ಣ ಮುಳ್ಳೂ ಉಳಿಯದ ಹಾಗೆ ಬಿಡಿಸಿದಳು. ಹುಣಸೆಬೀಜದಷ್ಟು ಅವನ ನಾಲಗೆ ಮೇಲಿಟ್ಟಳು. "ನುಂಗ್ಬೇಡಿ, ಎದೆಗೇರ್ತೈತೆ. ಸುಮ್ನೆ ಅಗೀರಿ" ಅಂದಳು. ಅವನು ಅಗಿದ. ಕಣ್ಣು ಮುಚ್ಚಿ ತುಂಬ ಹೊತ್ತು ಅಗಿದ. ನುಂಗೋಕೆ ಒಂದು ಸಲ ನೋಡಿದ, ಕತ್ತಿನ ನರ ಬಿಗಿದು ಮುಖ ಕೆಂಪಾಯ್ತು, ಆಗಲಿಲ್ಲ. ಅವ್ವ ಅಂಗೈ ಚಾಚಿ ಅವನ ಗದ್ದದ ಕೆಳಗೆ ಹಿಡಿದಳು. ಅವನು ಅವಳ ಅಂಗೈಗೆ ಉಗಿದ. ಆಮೇಲೆ ಮಗು ಹಾಗೆ ಸದ್ದಿಲ್ಲದೆ ಅತ್ತ. ಎಂಜಲು ಎಂಜಲು ಅಂತಿದ್ದ ನಮ್ಮವ್ವ ಆ ಕೈಯನ್ನ ತೊಳೆಯೋಕೂ ಏಳಲಿಲ್ಲ, ಸೆರಗಿಗೆ ಒರೆಸ್ಕೊಂಡಳು.

ನಾನು ಹೇಳೋಕೆ ಶುರು ಮಾಡೋಣ ಅಂತ ಹತ್ತಿರ ಹೋಗಿ ಕೂತೆ. ಬಸ್ಸು, ಹೊಳೆ, ಬಂಡೆ, ಎಲ್ಲಾ ಬಾಯಿ ತುದಿಯಲ್ಲಿತ್ತು. ಅಪ್ಪ ತಲೆ ಅಲ್ಲಾಡಿಸಿದ. ನನ್ನ ಬಾಯಿಂದ ಬೇಡ ಅಂತ. ಬೆರಳೆತ್ತಿ ಅವ್ವನ ತೋರಿಸಿದ. "ನೀನ್ ತಿನ್ನು" ಅಂದ. ದನಿ ಬರ್ತಿರ್ಲಿಲ್ಲ, ತುಟಿ ನೋಡಿ ತಿಳ್ಕೊಂಡ್ವಿ. "ನಾನ್ ನೋಡ್ತೀನಿ."

"ನಾನಾ?" ಅಂದಳು ಅವ್ವ. ಅಮಾಸೆಗೆ ಅವಳು ಒಪ್ಪೊತ್ತು ಮಾಡೋಳು, ಆವತ್ತು ಆ ಒಂದು ಹೊತ್ತಿನದೂ ಇನ್ನೂ ಉಂಡಿರ್ಲಿಲ್ಲ. ಎಡೆ ಎಲೆ ನೋಡಿದಳು, ನನ್ನ ನೋಡಿದಳು, ಅವನ ಮುಖ ನೋಡಿದಳು. ಒಂದು ತುಂಡು ಮುರಿದು ಬಾಯಿಗಿಟ್ಟಳು.

ಅಪ್ಪ ಅವಳ ಬಾಯಿಂದ ಕಣ್ಣು ಕೀಳಲಿಲ್ಲ. ಅವಳು ಅಗೀತಾ ಅಗೀತಾ, ಕಣ್ಣೀರು ಇಳಿದು ತುಟಿಗೆ ಬರ್ತಿದ್ರೂ ಒರೆಸ್ಕೊಳ್ಳದೆ, ಅವನಿಗೆ ಹೇಳಿದಳು. "ಮೇಲೆ ಗರಿಗರಿ ಐತೆ ಕಣ್ರೀ. ಒಳ್ಗೆ ಮೆತ್ತಗೈತೆ. ಒಳೆ ಮೀನಲ್ವಾ, ಸಿಹಿ ಐತೆ. ಉಪ್ಪು ಒಂಚೂರು ಕಮ್ಮಿ. ಕಾರ ಈಗ ಗೊತ್ತಾಗಲ್ಲ, ಆಮೇಲೆ ಏರ್ತೈತೆ." ಆಮೇಲೆ ನುಂಗಿದಳು. ಅವಳ ಜೊತೆಗೇ ಅಪ್ಪನ ಗಂಟಲೂ ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು.